ಒಮ್ಮೆ ಸಿಕ್ಕ ರಕ್ಷಣೆ ಕೈತಪ್ಪಿ ಹೋಗುತ್ತಾ?

ಈ ಸಲದ ಮಾತುಕತೆಯ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಮೆಟ್ರೋದಲ್ಲೋ ಆಫೀಸ್ ಕ್ಯಾಬ್‌ನಲ್ಲೋ ಕೂತು ಓದುವವರು ಇದನ್ನೇ ಓದಿಕೊಳ್ಳಬಹುದು. ಮಾತಾಡುವಾಗ ಅವಸರದಲ್ಲಿ ದಾಟಿಸಿದ ಕೆಲವು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ವಿಷಯ ಶುರುವಾದದ್ದು ಪುಣೆಯಲ್ಲಿ, ಒಂದು ಕಾರಿನಲ್ಲಿ. ಹಿಂಜೆವಾಡಿಯ ಸಂಜೆಯ ಟ್ರಾಫಿಕ್ ಗೊತ್ತಲ್ಲ, ಒಂದು ಗಂಟೆ ಅಲ್ಲಾಡೋ ಹಾಗಿಲ್ಲ. ಪಕ್ಕದಲ್ಲಿ ಗೆಳೆಯ. ಸಕಲೇಶಪುರದ ಕಡೆಯವನು, ಸಿಎಸ್ಐ ಚರ್ಚಿನಲ್ಲಿ ಬೆಳೆದವನು. ಎರಡು ತಿಂಗಳ ಹಿಂದೆ ಅವನ ಅಮ್ಮ ತೀರಿಕೊಂಡಿದ್ದರು. ಇದ್ದಕ್ಕಿದ್ದ ಹಾಗೆ ಹೇಳಿದ: "ಅಮ್ಮ ಪ್ರತಿ ಭಾನುವಾರ ಸಂಜೆ ಫೋನ್ ಮಾಡಿ, ಚರ್ಚಿಗೆ ಹೋಗಿದ್ಯಾ ಮಗಾ ಅಂತ ಕೇಳ್ತಿದ್ರು. ನಾನು ಹ್ಞೂಂ ಅಮ್ಮ ಅಂತಿದ್ದೆ. ಮೂರು ವರ್ಷದಿಂದ ಹೋಗಿಲ್ಲ ಮಾರಾಯ. ಪ್ರಾರ್ಥನೆಯೂ ಇಲ್ಲ. ಅವರು ಹೋದ ಮೇಲಿನ ಭಾನುವಾರ ಊರಿನ ಚರ್ಚಲ್ಲಿ ಕರ್ತನ ಭೋಜನಕ್ಕೆ ಎಲ್ಲರೂ ಎದ್ದರು. ನನಗೆ ಏಳೋಕೆ ಆಗಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ನನ್ನ ರಕ್ಷಣೆ ಹೋಯ್ತಾ? ಅಮ್ಮ ಇರೋ ಜಾಗಕ್ಕೆ ನಾನು ಹೋಗ್ತೀನಾ?"

ಅವನು ಆಗಲೇ ಇಬ್ಬರನ್ನು ಕೇಳಿದ್ದ. ಆಫೀಸಿನ ಪ್ರಾರ್ಥನಾ ಕೂಟದ ಒಬ್ಬರು, "ಒಂದು ಸಲ ರಕ್ಷಣೆ ಸಿಕ್ಕರೆ ಮುಗೀತು, ಹೋಗೋ ಮಾತೇ ಇಲ್ಲ" ಅಂದಿದ್ದರಂತೆ. ಇನ್ನೊಬ್ಬರು ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ ತೆಗೆದು ತೋರಿಸಿ, "ಬಿದ್ದವರಿಗೆ ವಾಪಸ್ ದಾರಿ ಇಲ್ಲ" ಅಂದರಂತೆ. ಒಂದೇ ಪುಸ್ತಕ, ಎರಡು ಉತ್ತರ. ನನಗೂ ಆ ಕ್ಷಣಕ್ಕೆ ಏನು ಹೇಳಬೇಕೋ ತೋಚಲಿಲ್ಲ. ಆಮೇಲೆ ಕೂತು ಓದಿದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನೇ ಬಿಡಿಸೋಣ

ಇಲ್ಲಿ ಇರೋದು ಒಂದು ಪ್ರಶ್ನೆ ಅಲ್ಲ, ಎರಡು. "ಕ್ರೈಸ್ತನೊಬ್ಬ ರಕ್ಷಣೆಯನ್ನು ಕಳೆದುಕೊಳ್ಳೋಕೆ ಸಾಧ್ಯವಾ?" ಅನ್ನೋದು ಒಂದು. ಪಂಡಿತರು ನೂರಾರು ವರ್ಷಗಳಿಂದ ವಾದ ಮಾಡುತ್ತಿರುವುದು ಇದರ ಬಗ್ಗೆ. "ನಾನು ಕಳೆದುಕೊಂಡಿದ್ದೀನಾ?" ಅನ್ನೋದು ಇನ್ನೊಂದು. ರಾತ್ರಿ ನಿದ್ದೆ ಕೆಡಿಸುವುದು ಈ ಎರಡನೆಯದು. ಎರಡನ್ನೂ ಕಲಸಿಬಿಟ್ಟರೆ ಗೊಂದಲ. ನಾನು ಹೇಳಹೊರಟಿರುವುದು ಇಷ್ಟೇ: ಮೊದಲನೆಯ ಪ್ರಶ್ನೆಗೆ ದೊಡ್ಡ ಕ್ರೈಸ್ತ ಪರಂಪರೆಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಆದರೆ ವಾಪಸ್ ಬರಬೇಕು ಅಂತ ಬಾಗಿಲ ಹತ್ತಿರ ನಿಂತವನ ಎರಡನೆಯ ಪ್ರಶ್ನೆಗೆ, ಆಶ್ಚರ್ಯ ಅನ್ನಿಸುವಷ್ಟು ಒಂದೇ ಉತ್ತರ ಕೊಡುತ್ತವೆ.

ಇನ್ನೊಂದು ಮಾತು, "ರಕ್ಷಣೆ" ಅನ್ನೋ ಪದದ ಬಗ್ಗೆ. ಸತ್ಯವೇದದಲ್ಲಿ ಇದು ಮೂರು ಕಾಲದಲ್ಲೂ ಬರುತ್ತದೆ. ಎಫೆಸದವರಿಗೆ ಬರೆಯುವಾಗ ಪೌಲ ಅದು ಆಗಿಹೋದ ಸಂಗತಿ ಅನ್ನುತ್ತಾನೆ. ಕೊರಿಂಥದವರಿಗೆ ಬರೆಯುವಾಗ ಅದು ನಡೆಯುತ್ತಾ ಇದೆ. ರೋಮಾಪುರದವರಿಗೆ ಬರೆಯುವಾಗ ಅದು ಇನ್ನೂ ಬರಬೇಕಾದದ್ದು. ಪುಣೆಯಿಂದ ಊರಿಗೆ ರಾತ್ರಿ ಬಸ್ಸು ಹತ್ತಿದ ಹಾಗೆ ಅಂದ್ಕೊಳ್ಳಿ. ಟಿಕೆಟ್ ಆಗಿದೆ, ಸೀಟಲ್ಲಿ ಕೂತಿದ್ದೇವೆ, ಊರು ಇನ್ನೂ ಮುಟ್ಟಿಲ್ಲ. "ನಾನು ಊರಿಗೆ ಹೋದ ಹಾಗೇನಾ?" ಅಂದರೆ, ಯಾವುದನ್ನು ಒತ್ತಿ ಹೇಳುತ್ತೀರೋ ಅದರ ಮೇಲೆ ಉತ್ತರ. ಅರ್ಧ ಜಗಳ ಇಲ್ಲೇ ಹುಟ್ಟುತ್ತದೆ.

ಎರಡು ಗುಂಪಿನ ಮಾತುಗಳು

ಸತ್ಯವೇದದಲ್ಲಿ ಧೈರ್ಯ ಕೊಡುವ ಮಾತುಗಳ ಒಂದು ಗುಂಪಿದೆ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು, ತನ್ನ ಕುರಿಗಳನ್ನು ತನ್ನ ಕೈಯಿಂದ ಯಾರೂ ಕಿತ್ತುಕೊಳ್ಳಲಾರರು ಅನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ ಕೊನೆಯಲ್ಲಿ ಪೌಲ ಸಾವು, ಬದುಕು, ಅಧಿಕಾರಗಳು ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟು, ಯಾವುದೂ ದೇವರ ಪ್ರೀತಿಯಿಂದ ನಮ್ಮನ್ನು ಬೇರೆ ಮಾಡಲಾರದು ಅನ್ನುತ್ತಾನೆ.

ಎಫೆಸ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಒಂದು ಸ್ವಾರಸ್ಯದ ಪದ ಇದೆ. ನಂಬಿದವರಿಗೆ ಕೊಟ್ಟ ಪವಿತ್ರಾತ್ಮ, ಮುಂದೆ ಸಿಗಲಿರುವ ಆಸ್ತಿಗೆ ಮುಂಗಡ ಇದ್ದ ಹಾಗೆ ಎಂದು ಪೌಲ ಹೇಳುತ್ತಾನೆ. ಗ್ರೀಕ್ ಮೂಲದ "ಅರ್ರಬೋನ್" ಪೇಟೆಯ ಮಾತು: ಸೌದೆ ಕುದುರಿದಾಗ ಕೊಡುವ ಅಡ್ವಾನ್ಸ್. ಹಳೆಯ ಕನ್ನಡ ಅನುವಾದ ಅದಕ್ಕೆ ಇಟ್ಟ ಪದ "ಸಂಚಕಾರ". ನಮ್ಮ ಅಜ್ಜಂದಿರ ಕಾಲದಲ್ಲಿ ಸಂಚಕಾರ ಅಂದರೆ ವ್ಯಾಪಾರ ಖಾತ್ರಿ ಮಾಡುವ ಮುಂಗಡವೇ. ಇವತ್ತು ನಾವು "ಕೆಲಸಕ್ಕೇ ಸಂಚಕಾರ ಬಂತು" ಅಂದರೆ ಅಪಾಯ ಅಂತ ಅರ್ಥ! ಹಾಗಾಗಿ ಈಗಿನವರು ಈ ಸಾಲು ಓದಿದರೆ ಗಾಬರಿಯಾಗೋದೂ ಉಂಟು. ಇಲ್ಲಿ ಅಡ್ವಾನ್ಸ್ ಕೊಟ್ಟಿರುವುದು ನಾವಲ್ಲ, ದೇವರು. ಫ್ಲಾಟ್‌ಗೆ ಅಡ್ವಾನ್ಸ್ ಕೊಟ್ಟವರಿಗೆ ಗೊತ್ತು, ಕೊಟ್ಟವನು ಹಿಂದೆ ಸರಿದರೆ ನಷ್ಟ ಅವನದೇ.

ಎಚ್ಚರಿಸುವ ಮಾತುಗಳ ಗುಂಪೂ ಅಷ್ಟೇ ದೊಡ್ಡದು. ಬಿತ್ತುವವನ ಸಾಮ್ಯದಲ್ಲಿ ಕೆಲವರು ಸ್ವಲ್ಪ ಕಾಲ ನಂಬಿ, ಶೋಧನೆ ಬಂದಾಗ ಬಿದ್ದುಹೋಗುತ್ತಾರೆ. ಯೋಹಾನ 15ರಲ್ಲಿ ದ್ರಾಕ್ಷಿಬಳ್ಳಿಯಲ್ಲಿ ನೆಲೆಗೊಳ್ಳದ ಕೊಂಬೆ ಒಣಗಿ ಬೆಂಕಿಗೆ ಹೋಗುತ್ತದೆ. ಗಲಾತ್ಯದವರಿಗೆ ಬರೆಯುವಾಗ ಪೌಲ, ಕೆಲವರು ಕೃಪೆಯಿಂದಲೇ ಬಿದ್ದಿದ್ದಾರೆ ಎಂದು ಹೇಳುತ್ತಾನೆ. ಎಲ್ಲಕ್ಕಿಂತ ಕಠಿಣವಾದದ್ದು ಇಬ್ರಿಯ 6: ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಪಡೆದು, ಆಮೇಲೆ ಬಿದ್ದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯ ಎಂಬ ಮಾತು.

ಒಂದು ಗುಂಪನ್ನು ಇಟ್ಟುಕೊಂಡು ಇನ್ನೊಂದನ್ನು ಮುಚ್ಚಿಡುವುದು ಸುಲಭ. ಪ್ರಾಮಾಣಿಕವಾಗಿ ಓದಿದ ಯಾರೂ ಹಾಗೆ ಮಾಡಿಲ್ಲ. ಎರಡನ್ನೂ ಹೇಗೆ ಒಟ್ಟಿಗೆ ಹಿಡಿಯೋದು ಅನ್ನೋದೇ ಎಲ್ಲರ ಕಷ್ಟ.

ಸರ್ಟಿಫಿಕೇಟ್ ಕೊಂಡ ಕ್ರೈಸ್ತರು

ಈ ಪ್ರಶ್ನೆ ಮೊದಲು ಸುಟ್ಟದ್ದು ಉತ್ತರ ಆಫ್ರಿಕಾದ ಕಾರ್ಥೇಜ್ ನಗರದಲ್ಲಿ, ಇವತ್ತಿನ ಟ್ಯುನೀಷಿಯಾದಲ್ಲಿ. ಕ್ರಿ.ಶ. 250ರ ಹೊತ್ತಿಗೆ ರೋಮನ್ ಚಕ್ರವರ್ತಿ ಡೀಸಿಯಸ್ ಒಂದು ಆಜ್ಞೆ ಹೊರಡಿಸಿದ್ದ. ಪ್ರಜೆಗಳೆಲ್ಲ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ, ಅಧಿಕಾರಿಗಳ ಮುಂದೆ ಅದನ್ನು ಖಾತ್ರಿಪಡಿಸಿ, ಒಂದು ಸರ್ಟಿಫಿಕೇಟ್ ಪಡೆಯಬೇಕು. ಅಂಥ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಪಪೈರಸ್ ಹಾಳೆಗಳಾಗಿ ಸಿಕ್ಕಿವೆ.

ಕ್ರೈಸ್ತರಲ್ಲಿ ಕೆಲವರು ಒಪ್ಪದೆ ಸೆರೆಗೆ ಹೋದರು, ಕೆಲವರು ಸತ್ತರು. ಬಹಳ ಮಂದಿ ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಚಾಲಾಕಿತನ ಮಾಡಿದರು. ಬಲಿ ಕೊಡದೆ ಲಂಚ ಕೊಟ್ಟು ಸರ್ಟಿಫಿಕೇಟ್ ಮಾತ್ರ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಚರ್ಚಿನ ಬಾಗಿಲಿಗೆ ಬಂದು ಅತ್ತರು. ನಮ್ಮನ್ನು ವಾಪಸ್ ಸೇರಿಸಿಕೊಳ್ಳಿ ಅಂದರು.

ಈಗ ಅವರ ಅಕ್ಕಪಕ್ಕ ಕೂರಬೇಕಾದವರನ್ನು ನೆನೆಸಿಕೊಳ್ಳಿ. ಅಣ್ಣನನ್ನು ಸೆರೆಮನೆಯಲ್ಲಿ ಕಳೆದುಕೊಂಡ ಹೆಂಗಸು. ಪಕ್ಕದಲ್ಲಿ ದುಡ್ಡು ಕೊಟ್ಟು ತಪ್ಪಿಸಿಕೊಂಡ ವ್ಯಾಪಾರಿ. ಇಬ್ಬರಿಗೂ ಒಂದೇ ರೊಟ್ಟಿ, ಒಂದೇ ಪಾತ್ರೆ. ಕ್ಷಮಿಸಿ ಅನ್ನೋದು ಬಾಯಲ್ಲಿ ಹೇಳುವಷ್ಟು ಸುಲಭವಾಗಿರಲಿಲ್ಲ.

ರೋಮಿನಲ್ಲಿ ನೊವಾಷಿಯನ್ ಎಂಬ ಗುರು ಸಾರಾಸಗಟಾಗಿ ಬೇಡ ಅಂದ. ದೇವರು ಕ್ಷಮಿಸಿದರೆ ಕ್ಷಮಿಸಲಿ, ಸಭೆ ಮಾತ್ರ ಇವರನ್ನು ಮತ್ತೆ ಸೇರಿಸಿಕೊಳ್ಳಬಾರದು ಎಂಬುದು ಅವನ ನಿಲುವು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮಧ್ಯದ ದಾರಿ ಹಿಡಿದ. 251ರಲ್ಲಿ ಬಿಷಪರ ಸಭೆ ಸೇರಿಸಿ, ಒಬ್ಬೊಬ್ಬರ ವಿಚಾರವನ್ನೂ ಬೇರೆಬೇರೆ ನೋಡಬೇಕು ಅಂತ ತೀರ್ಮಾನ ಮಾಡಿಸಿದ. ಪತ್ರ ಮಾತ್ರ ಕೊಂಡವರಿಗೆ ಒಂದು ಕ್ರಮ, ನಿಜವಾಗಿ ಬಲಿ ಕೊಟ್ಟವರಿಗೆ ಉದ್ದದ ಪ್ರಾಯಶ್ಚಿತ್ತ. ಇನ್ನೊಂದು ಹಿಂಸೆ ಹತ್ತಿರ ಬರುವ ಸೂಚನೆ ಕಂಡಾಗ, ಪಶ್ಚಾತ್ತಾಪಪಟ್ಟು ಕಾದಿದ್ದವರನ್ನೆಲ್ಲ ಒಳಗೆ ಕರೆದುಕೊಂಡರು. ಅಂದಹಾಗೆ, ಮೊದಲ ಹಿಂಸೆಯಲ್ಲಿ ಸಿಪ್ರಿಯನ್ ಸ್ವತಃ ತಲೆಮರೆಸಿಕೊಂಡಿದ್ದ, ಅದಕ್ಕೆ ಟೀಕೆಯನ್ನೂ ಕೇಳಿಸಿಕೊಂಡಿದ್ದ. 258ರಲ್ಲಿ ಮತ್ತೆ ಹಿಂಸೆ ಬಂದಾಗ ಅವನು ಓಡಲಿಲ್ಲ. ಅವನ ತಲೆ ಕಡಿದರು.

ಹಾಗೆ ಮುಖ್ಯ ಚರ್ಚು ಆ ಕಾಲದಲ್ಲೇ ಒಂದು ವಿಷಯ ತೀರ್ಮಾನ ಮಾಡಿಕೊಂಡಿತು. ಒತ್ತಡದಲ್ಲಿ ಕ್ರಿಸ್ತನನ್ನು ಬಾಯಿಂದ ನಿರಾಕರಿಸಿದವನೂ ಮರಳಿ ಬರಬಹುದು. ಇದು ಭಾನುವಾರ ತಪ್ಪಿಸಿದ್ದಕ್ಕಿಂತ, ಅಮ್ಮನಿಗೆ ಸುಳ್ಳು ಹೇಳಿದ್ದಕ್ಕಿಂತ ಎಷ್ಟು ದೊಡ್ಡದು ಅಂತ ಯೋಚಿಸಿ.

ನಾಲ್ಕು ಮನೆ, ನಾಲ್ಕು ಉತ್ತರ

ಆಮೇಲಿನ ಕಾಲದಲ್ಲಿ ಉತ್ತರಗಳು ಕವಲೊಡೆದವು. ನೀವು ಯಾವ ಚರ್ಚಿನಿಂದ ಬಂದಿದ್ದೀರೋ ಅದರ ಹಿಂದೆ ಇವುಗಳಲ್ಲಿ ಒಂದು ಇರುವ ಸಾಧ್ಯತೆ ಹೆಚ್ಚು.

ಕ್ಯಾಥೋಲಿಕ್ ಉತ್ತರ: ಹೌದು, ಕಳೆದುಕೊಳ್ಳಬಹುದು. 1547ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟವಾಗಿ ಹೇಳಿತು. ನಂಬಿಕೆ ಬಿಟ್ಟರೆ ಮಾತ್ರ ಅಲ್ಲ, ಗೊತ್ತಿದ್ದೂ ಮನಸಾರೆ ಮಾಡಿದ ಮಾರಕ ಪಾಪದಿಂದಲೂ ಕೃಪೆ ಹೋಗುತ್ತದೆ. ಆದರೆ ಪಾಪನಿವೇದನೆಯಿಂದ ಮತ್ತೆ ಸಿಗುತ್ತದೆ. ಹಡಗು ಒಡೆದವನ ಕೈಗೆ ಸಿಗುವ ಎರಡನೇ ಹಲಗೆ ಎಂಬ ಹಳೆಯ ಹೋಲಿಕೆಯನ್ನು ಟ್ರೆಂಟ್ ಬಳಸಿತು.

ಲೂಥರನ್ ಉತ್ತರ: ಬೀಳುವುದು ನಿಜ, ಏಳುವುದೂ ನಿಜ. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 12ನೇ ವಿಧಿ ಎರಡೂ ಕಡೆಗೆ ಗೆರೆ ಎಳೆಯುತ್ತದೆ. ಒಮ್ಮೆ ನೀತಿವಂತನಾದವನು ಪವಿತ್ರಾತ್ಮನನ್ನು ಕಳೆದುಕೊಳ್ಳುವುದೇ ಇಲ್ಲ ಅನ್ನುವವರನ್ನೂ ತಳ್ಳುತ್ತದೆ, ಬಿದ್ದವನನ್ನು ಕ್ಷಮಿಸಬಾರದು ಎಂದ ನೊವಾಷಿಯನ್‌ನ ಕಡೆಯವರನ್ನೂ ತಳ್ಳುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಹಿನ್ನೆಲೆಯವರು ಸೇರಿ ಕಟ್ಟಿದ ಸಂಸ್ಥೆ. ಆ ಮೂಲಕ ಈ ಎರಡೂ ಧಾಟಿ ನಮ್ಮ ನಾಡಿಗೂ ಬಂದವು.

ರಿಫಾರ್ಮ್ಡ್ ಉತ್ತರ, ಅಂದರೆ ಕ್ಯಾಲ್ವಿನ್ ಪರಂಪರೆಯದು: ನಿಜವಾಗಿ ಹೊಸದಾಗಿ ಹುಟ್ಟಿದವನು ಕೊನೆಗೆ ಕಳೆದುಹೋಗುವುದಿಲ್ಲ. ದೇವರೇ ಅವನನ್ನು ಕೊನೆತನಕ ಕಾಯುತ್ತಾನೆ. ಕೊನೆತನಕ ಉಳಿಯದವನು ಮೊದಲಿಂದಲೂ ನಿಜವಾಗಿ ಒಳಗಿನವನಾಗಿರಲಿಲ್ಲ.

ಅರ್ಮೀನಿಯನ್ ಮತ್ತು ವೆಸ್ಲಿಯನ್ ಉತ್ತರ: ದೇವರು ಕಾಯುತ್ತಾನೆ, ಬೇರೆ ಯಾರೂ ಕಿತ್ತುಕೊಳ್ಳಲಾರರು. ಆದರೆ ಮನುಷ್ಯ ತಾನೇ ಬಿಟ್ಟು ಹೋಗಬಹುದು. ಮೆಥಡಿಸ್ಟರು, ಅಸೆಂಬ್ಲೀಸ್ ಆಫ್ ಗಾಡ್‌ನಂಥ ಪೆಂಟೆಕೋಸ್ಟಲ್ ಸಭೆಗಳು ಈ ಕಡೆ. ನಮ್ಮ ಬೀದರ್ ಕಡೆಯ ಮೆಥಡಿಸ್ಟರ ಹಿಂದಿರುವುದೂ ಇದೇ.

ಸಿಎಸ್ಐಯವರು ಯಾವ ಕಡೆ? ಅದೇ ತಮಾಷೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ಈ ಸಭೆಯಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಒಂದಾದರು. ಕ್ಯಾಲ್ವಿನ್‌ನ ಮೊಮ್ಮಕ್ಕಳೂ ವೆಸ್ಲಿಯ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ನನ್ನ ಗೆಳೆಯನಿಗೆ ಎರಡು ಉತ್ತರ ಸಿಕ್ಕಿದ್ದು ಆಶ್ಚರ್ಯವೇ ಅಲ್ಲ.

ತಲೆ ಹೋದ ವಾದ

ರಿಫಾರ್ಮ್ಡ್ ಮತ್ತು ಅರ್ಮೀನಿಯನ್ ಮನೆಗಳು ಒಡೆದದ್ದು ಹಾಲೆಂಡಿನಲ್ಲಿ. ಯಾಕೋಬಸ್ ಅರ್ಮೀನಿಯಸ್ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಅನುಯಾಯಿಗಳು ಸರ್ಕಾರದ ಮುಂದೆ ಐದು ಅಂಶಗಳ ಮನವಿ ಇಟ್ಟರು. ಗಮನಿಸಿ, ಐದನೇ ಅಂಶದಲ್ಲಿ ನಂಬಿದವನು ಬೀಳಬಹುದೋ ಇಲ್ಲವೋ ಎಂಬುದನ್ನು ಅವರು ತೀರ್ಮಾನಿಸಲಿಲ್ಲ. ಶಾಸ್ತ್ರವನ್ನು ಇನ್ನೂ ಚೆನ್ನಾಗಿ ಪರಿಶೀಲಿಸಬೇಕು ಅಂತ ಬಿಟ್ಟಿದ್ದರು. ಬೀಳಬಹುದು ಎಂಬ ನಿಲುವಿಗೆ ಅವರು ಬಂದದ್ದು ಆಮೇಲೆ.

1618ರ ನವೆಂಬರಿನಿಂದ 1619ರ ಮೇ ತನಕ ಡೋರ್ಟ್ ಪಟ್ಟಣದಲ್ಲಿ ದೊಡ್ಡ ಸಭೆ ನಡೆಯಿತು. ಅರ್ಮೀನಿಯಸ್‌ನ ಕಡೆಯವರನ್ನು ಆರೋಪಿಗಳ ಹಾಗೆ ಕರೆಸಿ ಹೊರಗೆ ಕಳಿಸಿದರು. ಸುಮಾರು 200 ಪಾಸ್ಟರುಗಳು ಕೆಲಸ ಕಳೆದುಕೊಂಡರು. ರಾಜಕೀಯವೂ ಬೆರೆತಿತ್ತು. ಅವರನ್ನು ಬೆಂಬಲಿಸಿದ್ದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟ್‌ನನ್ನು ರಾಜದ್ರೋಹದ ಆರೋಪದ ಮೇಲೆ 1619ರ ಮೇ 13ರಂದು ಹೇಗ್ ನಗರದಲ್ಲಿ ತಲೆ ಕಡಿದು ಕೊಂದರು. ಆಗ ಅವನಿಗೆ 71 ವರ್ಷ. ಕಾನೂನು ಪಂಡಿತ ಗ್ರೋಷಿಯಸ್‌ಗೆ ಜೀವಾವಧಿ ಸೆರೆಯಾಯಿತು. ಎರಡು ವರ್ಷದ ನಂತರ ಹೆಂಡತಿಯ ಉಪಾಯದಿಂದ ಪುಸ್ತಕದ ಪೆಟ್ಟಿಗೆಯೊಳಗೆ ಕೂತು ತಪ್ಪಿಸಿಕೊಂಡ.

ಇಷ್ಟು ಗಟ್ಟಿಯಾಗಿ ತೀರ್ಪು ಕೊಟ್ಟ ಡೋರ್ಟ್ ಸಭೆ ಬಿದ್ದವರ ಬಗ್ಗೆ ಏನು ಹೇಳಿತು? ನಂಬಿದವರೂ ದಾವೀದನ ಹಾಗೆ, ಪೇತ್ರನ ಹಾಗೆ ಘೋರವಾಗಿ ಬೀಳಬಹುದು, ಕೆಲವು ಕಾಲ ಕೃಪೆಯ ಅನುಭವವೇ ಇಲ್ಲದೆ ಹೋಗಬಹುದು ಅಂತ ಒಪ್ಪಿಕೊಂಡಿತು. ತನ್ನಲ್ಲಿ ಜೀವಂತ ನಂಬಿಕೆ ಕಾಣುತ್ತಿಲ್ಲ ಎಂದು ಕೊರಗುತ್ತಾ, ಆದರೂ ದೇವರ ಕಡೆ ತಿರುಗಬೇಕು ಅಂತ ಆಸೆಪಡುವವನು, ತಾನು ತಿರಸ್ಕೃತ ಅಂತ ಹೆದರಬೇಕಾಗಿಲ್ಲ ಎಂದು ಅವರಿಗಾಗಿಯೇ ಒಂದು ವಿಧಿ ಬರೆಯಿತು. ಕಠೋರ ಎಂದು ಹೆಸರಾದ ದಾಖಲೆಯೊಳಗೆ ಇದೂ ಇದೆ.

ಬೆಕ್ಕು ಮತ್ತು ಕೋತಿ

ಈ ಭೇದ ನಮಗೆ ಹೊಸದಲ್ಲ. ಮೇಲುಕೋಟೆಗೋ ಶ್ರೀರಂಗಕ್ಕೋ ಹೋದವರು ಕೇಳಿರುತ್ತೀರಿ. ಶ್ರೀವೈಷ್ಣವರಲ್ಲಿ ಎರಡು ಕವಲು. ಚೆನ್ನೈನಲ್ಲಿರುವವರು ಹಣೆಯ ನಾಮ ನೋಡಿಯೇ ಗುರುತಿಸುತ್ತಾರೆ. ತೆಂಗಲೈಯವರು ಹೇಳೋದು ಬೆಕ್ಕಿನ ಮರಿಯ ನ್ಯಾಯ: ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ, ಮರಿ ಏನೂ ಮಾಡಬೇಕಾಗಿಲ್ಲ. ವಡಗಲೈಯವರು ಹೇಳೋದು ಕೋತಿಮರಿಯ ನ್ಯಾಯ: ಹೊತ್ತೊಯ್ಯುವುದು ತಾಯಿಯೇ, ಆದರೆ ಮರಿ ಹೊಟ್ಟೆಯನ್ನು ಅವಚಿಕೊಂಡಿರಬೇಕು. ಜರ್ಮನಿಯ ಪಂಡಿತ ರುಡಾಲ್ಫ್ ಒಟ್ಟೋ ಭಾರತದ ಕೃಪಾಮಾರ್ಗ ಮತ್ತು ಕ್ರೈಸ್ತ ಕೃಪೆಯನ್ನು ಹೋಲಿಸಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಕ್ಯಾಲ್ವಿನ್ ಬೆಕ್ಕಿನ ಕಡೆ, ವೆಸ್ಲಿ ಕೋತಿಯ ಕಡೆ ಅಂತ ಸುಮಾರಾಗಿ ಹೇಳಬಹುದು. ಪೂರ್ತಿ ಹೊಂದುವುದಿಲ್ಲ. ಅವಚಿಕೊಳ್ಳುವ ಕೈಗೆ ಬಲ ಬರುವುದೂ ಕೃಪೆಯಿಂದಲೇ ಅಂತ ವೆಸ್ಲಿ ಹೇಳುತ್ತಿದ್ದರು. ಆದರೂ ಒಂದು ವಿಷಯ ಇದರಿಂದ ಸ್ಪಷ್ಟ. ಎರಡರಲ್ಲೂ ಮರಿಯನ್ನು ಹೊತ್ತಿರುವುದು ತಾಯಿ. ಮರಿ ತಾಯಿಯನ್ನು ಹೊತ್ತಿಲ್ಲ.

ಸಿದ್ಧಾಂತ ಗೊತ್ತಿದ್ದೂ ಹೆದರಿದವನು

"ಹಾಗಾದರೆ ಕ್ಯಾಲ್ವಿನ್ ಉತ್ತರವೇ ಒಳ್ಳೇದು, ಭಯವೇ ಇಲ್ಲವಲ್ಲ" ಅನ್ನಿಸಬಹುದು. ಇಂಗ್ಲಿಷ್ ಕವಿ ವಿಲಿಯಂ ಕೂಪರ್‌ನ ಕಥೆ ಕೇಳಿ. ಅವನು ಓಲ್ನಿ ಎಂಬ ಊರಿನಲ್ಲಿ ಪಾದ್ರಿ ಜಾನ್ ನ್ಯೂಟನ್‌ನ ಗೆಳೆಯ. ನ್ಯೂಟನ್ ಅಂದರೆ "ಅಮೇಜಿಂಗ್ ಗ್ರೇಸ್" ಹಾಡು ಬರೆದವನು, ಒಂದು ಕಾಲದಲ್ಲಿ ಗುಲಾಮರ ಹಡಗಿನ ಕಪ್ತಾನ. ಆ ಹಾಡು 1773ರ ಹೊಸ ವರ್ಷದ ದಿನದ ಪ್ರಸಂಗಕ್ಕೆಂದು ಬರೆದದ್ದು. ಅದೇ ವರ್ಷದ ಆರಂಭದಲ್ಲಿ ಕೂಪರ್‌ಗೆ ಮನಸ್ಸು ಕುಸಿಯಿತು. ತನ್ನ ಕಥೆ ಮುಗಿಯಿತು ಎಂದು ದೇವರೇ ತೀರ್ಪು ಹೇಳಿದ ಹಾಗೆ ಒಂದು ಕನಸು ಬಿತ್ತು.

ಕೂಪರ್ ನಂಬಿದ್ದು, ದೇವರು ಆರಿಸಿಕೊಂಡವರು ಕಳೆದುಹೋಗುವುದಿಲ್ಲ ಅಂತಲೇ. ಅದು ಎಲ್ಲರಿಗೂ ನಿಜ, ತನ್ನೊಬ್ಬನನ್ನು ಬಿಟ್ಟು ಅಂತ ಅವನಿಗೆ ಅನ್ನಿಸಿಬಿಟ್ಟಿತು. ಆಮೇಲೆ ಅವನು ಆರಾಧನೆಗೆ ಹೋಗಲೇ ಇಲ್ಲ. ನ್ಯೂಟನ್ ಅವನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. 1800ರಲ್ಲಿ ಸಾಯುವ ತನಕ ಆ ಭಯ ಕೂಪರ್‌ನನ್ನು ಪೂರ್ತಿ ಬಿಡಲಿಲ್ಲ.

ಇದರಿಂದ ಏನು ತಿಳಿಯುತ್ತೆ? "ನಿಜವಾದ ಕ್ರೈಸ್ತ ಕಳೆದುಹೋಗಲ್ಲ" ಅಂದರೆ, ಭಯ "ನಾನು ಬಿದ್ದೆನಾ?" ಎಂಬಲ್ಲಿಂದ "ನಾನು ನಿಜವಾಗಿ ಯಾವತ್ತಾದರೂ ಇದ್ದೆನಾ?" ಎಂಬಲ್ಲಿಗೆ ಜಾರುತ್ತದೆ, ಅಷ್ಟೇ. ಸಿದ್ಧಾಂತದಿಂದ ಎಲ್ಲ ಭಯವೂ ಹೋಗುವುದಿಲ್ಲ. ಕೂಪರ್‌ನದು ಕಾಯಿಲೆಯೂ ಆಗಿತ್ತು. ಅದಕ್ಕೇ ಒಂದು ಮಾತು. ಈ ಯೋಚನೆ ನಿಮಗೆ ವಾರಗಟ್ಟಲೆ ನಿದ್ದೆ ಊಟ ಬಿಡಿಸುತ್ತಿದ್ದರೆ ಪಾಸ್ಟರ್ ಜೊತೆಗೆ ಡಾಕ್ಟರನ್ನೂ ನೋಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅದು ನಂಬಿಕೆ ಕಡಿಮೆ ಅನ್ನೋದರ ಲಕ್ಷಣ ಅಲ್ಲ.

ಇನ್ನೊಂದು ತುದಿಯೂ ಇದೆ. "ಆವತ್ತು ಕೂಟದಲ್ಲಿ ಕೈ ಎತ್ತಿದೆ, ಕಾರ್ಡ್ ತುಂಬಿದೆ, ಇನ್ನು ಹೇಗೆ ಬದುಕಿದರೂ ನಡೆಯುತ್ತೆ" ಎಂಬ ಸಲೀಸು ಮಾತು. ಇದನ್ನು ಕ್ಯಾಲ್ವಿನ್ ತಲೆಗೆ ಕಟ್ಟುವವರಿದ್ದಾರೆ. ಡೋರ್ಟ್ ಹೇಳಿದ್ದು ದೇವರು ತನ್ನವರನ್ನು ನಂಬಿಕೆಯಲ್ಲೇ ಉಳಿಸುತ್ತಾನೆ ಅಂತ. ನಂಬಿಕೆ ಬಿಟ್ಟರೂ ಉಳಿಸುತ್ತಾನೆ ಅಂತಲ್ಲ.

ಹಾಗಾದರೆ ಇಬ್ರಿಯ 6?

ನನ್ನ ಗೆಳೆಯನನ್ನು ಹೆದರಿಸಿದ್ದು ಈ ಅಧ್ಯಾಯ. ಆ ಪತ್ರಿಕೆ ಯಾರಿಗೆ ಅಂತ ನೋಡಬೇಕು. ಒತ್ತಡಕ್ಕೆ ಸಿಕ್ಕಿ ಕ್ರಿಸ್ತನನ್ನೇ ಬಿಟ್ಟು ಹಿಂದಕ್ಕೆ ಹೋಗುವ ಅಂಚಿನಲ್ಲಿದ್ದವರಿಗೆ. ಅಲ್ಲಿ "ಬೀಳುವುದು" ಅಂದರೆ ಎಡವುದಲ್ಲ. ಕ್ರಿಸ್ತನನ್ನು ಬಹಿರಂಗವಾಗಿ ಅವಮಾನಿಸಿ ತಳ್ಳುವುದು.

ಕ್ಯಾಲ್ವಿನ್ ಕಡೆಯವರು, ಇವರು ರುಚಿ ನೋಡಿದವರು, ಬೇರುಬಿಟ್ಟವರಲ್ಲ ಅನ್ನುತ್ತಾರೆ. ವೆಸ್ಲಿ, ಇವರು ನಿಜವಾದ ನಂಬಿಕಸ್ಥರೇ, ಆದರೆ ಕ್ರಿಸ್ತನನ್ನು ಪೂರ್ತಿ ತೊರೆದವರು ಅನ್ನುತ್ತಾರೆ. ನಂಬಿದವನೂ ಕಳೆದುಹೋಗಬಹುದು ಅಂತ 1751ರಲ್ಲೇ ಬರೆದಿದ್ದ ಇದೇ ವೆಸ್ಲಿ, ಆಮೇಲೆ ಹಿಂಜಾರಿದವರಿಗಾಗಿಯೇ ಒಂದು ಪ್ರಸಂಗ ಬರೆದರು. ಈ ವಚನಗಳನ್ನು ಓದಿ ಆಸೆಯೇ ಬಿಟ್ಟವರನ್ನು ಎಬ್ಬಿಸುವುದು ಅದರ ಉದ್ದೇಶ. ಹಾಗೆ ಬಿದ್ದು ಮತ್ತೆ ಎದ್ದವರು ಸಾವಿರಗಟ್ಟಲೆ ಇದ್ದಾರೆ ಎಂಬುದು ಅವರ ಅನುಭವದ ಮಾತು.

ಪೇತ್ರನನ್ನು ನೆನೆಸಿಕೊಳ್ಳಿ. ಬೆಂಕಿ ಕಾಯಿಸಿಕೊಳ್ಳುತ್ತಾ ಒಂದೇ ರಾತ್ರಿ ಮೂರು ಸಲ "ಆ ಮನುಷ್ಯ ನನಗೆ ಗೊತ್ತೇ ಇಲ್ಲ" ಎಂಬರ್ಥದಲ್ಲಿ ಆಣೆ ಹಾಕಿದವನು. ಮುಂದೆ ಸಮುದ್ರದ ದಡದಲ್ಲಿ ಯೇಸು ಅವನನ್ನು ಮೂರು ಸಲ ಕೇಳಿದ್ದು, ನನ್ನನ್ನು ಪ್ರೀತಿಸುತ್ತೀಯಾ ಅಂತ. ಲೆಕ್ಕ ಕೇಳಲಿಲ್ಲ, ಕುರಿಗಳನ್ನು ಒಪ್ಪಿಸಿದ.

ಎಲ್ಲಿ ಒಂದಾಗುತ್ತಾರೆ, ಎಲ್ಲಿ ಆಗಲ್ಲ

ಮೂರು ವರ್ಷ ದೂರವಿದ್ದು ಈಗ ವಾಪಸ್ ಬರಬೇಕು ಅನ್ನಿಸುತ್ತಿರುವವನು ಈ ನಾಲ್ಕೂ ಮನೆಯ ಬಾಗಿಲು ತಟ್ಟಿದರೆ ಏನಾಗುತ್ತೆ? ಕ್ಯಾಥೋಲಿಕ್ ಫಾದರ್, ಎಷ್ಟೇ ವರ್ಷವಾಗಿರಲಿ, ಪಾಪನಿವೇದನೆಗೆ ಬಾ ಅನ್ನುತ್ತಾರೆ. ಲೂಥರನ್ ಪಾಸ್ಟರ್, ನಿನ್ನ ದೀಕ್ಷಾಸ್ನಾನದ ವಾಗ್ದಾನ ಇನ್ನೂ ಅಲ್ಲೇ ಇದೆ ಅನ್ನುತ್ತಾರೆ. ಕ್ಯಾಲ್ವಿನ್ ಕಡೆಯವರು, ನಿನ್ನೊಳಗಿನ ಈ ತಳಮಳವೇ ದೇವರು ನಿನ್ನನ್ನು ಬಿಟ್ಟಿಲ್ಲ ಅನ್ನೋದರ ಗುರುತು ಅನ್ನುತ್ತಾರೆ. ವೆಸ್ಲಿ ಕಡೆಯವರು, ಕಳೆದದ್ದು ಮತ್ತೆ ಸಿಗುತ್ತೆ, ಏಳು ಅನ್ನುತ್ತಾರೆ. ವಿವರಣೆ ನಾಲ್ಕು ಥರ. ಬಾಗಿಲು ಮುಚ್ಚಿದೆ ಅಂತ ಒಬ್ಬರೂ ಹೇಳಲಿಲ್ಲ.

ಹಾಗಂತ ಭೇದ ಬರೀ ಮಾತಿನದು ಅಂತ ನಾನು ಹೇಳಲ್ಲ. ಒಬ್ಬ ಪೂರ್ತಿ ಮನಸ್ಸಿನಿಂದ ನಂಬಿಕೆ ಬಿಟ್ಟ, ಯಾವ ತಳಮಳವೂ ಇಲ್ಲದೆ ಹಾಗೇ ತೀರಿಕೊಂಡ ಅನ್ನಿ. ಅವನು ಮೊದಲಿಂದ ನಮ್ಮವನಾಗಿರಲಿಲ್ಲ ಅನ್ನುತ್ತಾರೆ ಒಬ್ಬರು. ಇದ್ದ, ಕಳೆದುಕೊಂಡ ಅನ್ನುತ್ತಾರೆ ಇನ್ನೊಬ್ಬರು. ಊರಲ್ಲಿ ಕೂತ ತಾಯಿಗೆ ಈ ಎರಡೂ ಕತ್ತಿಯ ಹಾಗೆಯೇ. ಕೊನೆಯ ತೀರ್ಪು ನಮ್ಮ ಕೈಯಲ್ಲಿಲ್ಲ ಅಂತ ಎಲ್ಲರೂ ಸೇರಿಸುತ್ತಾರೆ. ಅದಕ್ಕಿಂತ ಮುಂದಕ್ಕೆ ಹೋಗುವ ಉತ್ತರ ನನ್ನ ಹತ್ತಿರ ಇಲ್ಲ.

ಗೆಳೆಯನಿಗೆ ಇದಿಷ್ಟನ್ನೂ ಒಂದು ಭಾನುವಾರ ಬೆಳಿಗ್ಗೆ ಚಹಾ ಕುಡಿಯುತ್ತಾ ಹೇಳಿದೆ. ಎಲ್ಲ ಕೇಳಿ ಅವನು, "ಅಮ್ಮನಿಗೆ ಸುಳ್ಳು ಹೇಳಿದ್ದು?" ಅಂದ. ಅದಕ್ಕೆ ಸಿದ್ಧಾಂತ ಬೇಡ ಮಾರಾಯ, ಅದನ್ನು ದೇವರ ಮುಂದೆ ಹಾಗೇ ಹೇಳಿಬಿಡು ಅಂದೆ. ಸುಮ್ಮನಾದ. ಆಮೇಲೆ ಫೋನ್ ತೆಗೆದು, ಹತ್ತಿರದಲ್ಲಿ ಕನ್ನಡ ಆರಾಧನೆ ಎಲ್ಲಿದೆ ಅಂತ ಹುಡುಕಿದ. ಹೋದನೋ ಇಲ್ಲವೋ ನಾನು ಕೇಳಿಲ್ಲ. ಕೇಳಿದರೆ ಮತ್ತೆ ಹ್ಞೂಂ ಅಂದುಬಿಟ್ಟರೆ?

ಇಷ್ಟು ಈ ಸಲಕ್ಕೆ. ಊರು ಬಿಟ್ಟ ಮೇಲೆ ಬಿಟ್ಟುಹೋದದ್ದು ಏನಾದರೂ ನಿಮ್ಮನ್ನೂ ಕೊರೆಯುತ್ತಿದ್ದರೆ, ಒಬ್ಬರೇ ಯೋಚಿಸುತ್ತಾ ಕೂರಬೇಡಿ. ನಿಮ್ಮ ಚರ್ಚಿನ ಹಿರಿಯರೊಬ್ಬರ ಹತ್ತಿರ ಮಾತಾಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.